ಸಹಿ ಹಾಕುವ ಮುನ್ನ ಒಂದು ರಾತ್ರಿ ತಾಳಿ

ಉದ್ಯೋಗ ಸಮಾಲೋಚನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವು. ಬರೆದವರ ಹೆಸರನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದು, ಅವುಗಳಲ್ಲಿ ಮೊದಲನೆಯದಕ್ಕೆ ತುರ್ತಾಗಿ ಉತ್ತರ ಬೇಕಾಗಿರುವುದರಿಂದ ಅದನ್ನೇ ಹೆಚ್ಚು ವಿವರವಾಗಿ ಬರೆದಿದ್ದೇನೆ.

ಪ್ರಶ್ನೆ: ಹಾಸನದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಟೈಲರ್ ಆಗಿದ್ದೇನೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಆರ್ಡರ್ ಇಲ್ಲವೆಂದು ನಮ್ಮ ಲೈನಿನ ಮೂವತ್ತು ಜನರನ್ನು ಕರೆದು, ‘ರಾಜೀನಾಮೆ ಬರೆದುಕೊಡಿ, ಪಿ.ಎಫ್. ಬೇಗ ಬಿಡುಗಡೆ ಮಾಡಿಸುತ್ತೇವೆ, ಆರ್ಡರ್ ಬಂದಾಗ ಮತ್ತೆ ಕರೆಯುತ್ತೇವೆ’ ಎನ್ನುತ್ತಿದ್ದಾರೆ. ಎಂಟು ಮಂದಿ ಈಗಾಗಲೇ ಬರೆದುಕೊಟ್ಟಿದ್ದಾರೆ. ನಾನೇನು ಮಾಡಲಿ?

ಉತ್ತರ: ತಾಯಿ, ದಯವಿಟ್ಟು ಆ ಕಾಗದಕ್ಕೆ ಸಹಿ ಹಾಕಬೇಡಿ. ಆರ್ಡರ್ ಕಡಿಮೆಯಾಗಿರುವುದು ಸುಳ್ಳೇ ಆಗಿರಬೇಕೆಂದಿಲ್ಲ. 2025ರ ಆಗಸ್ಟ್ 27ರಿಂದ ಅಮೆರಿಕವು ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ಆ ದೇಶವನ್ನೇ ನಂಬಿಕೊಂಡಿದ್ದ ಬಟ್ಟೆ ಕಾರ್ಖಾನೆಗಳಿಗೆ ಪೆಟ್ಟು ಬಿದ್ದದ್ದು ನಿಜ. ಆದರೆ ಆ ಪೆಟ್ಟನ್ನು ಯಾರು ಎಷ್ಟು ಹೊರಬೇಕೆಂಬುದನ್ನು ಕಾನೂನು ಮೊದಲೇ ಹೇಳಿಟ್ಟಿದೆ. ರಾಜೀನಾಮೆ ಬರೆದುಕೊಟ್ಟರೆ ಪೂರ್ತಿ ಹೊರೆ ನಿಮ್ಮ ತಲೆಯ ಮೇಲೇ ಬೀಳುತ್ತದೆ.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಐದು ವರ್ಷ ಪೂರೈಸಿರುವುದರಿಂದ ನೀವಾಗಿ ಬಿಟ್ಟರೂ, ಅವರಾಗಿ ತೆಗೆದರೂ ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗಾಗಿ ಮಾಲೀಕರು ಕೊಡುವ ಇಡುಗಂಟು, ಸಿಗಲೇಬೇಕು. ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರೆ ನಿಮ್ಮ ಪಾಲಿಗೆ 67,500 ರೂಪಾಯಿ ಬರುತ್ತದೆ. ಕೆಲಸವಿಲ್ಲವೆಂಬ ಕಾರಣಕ್ಕೆ ಆಡಳಿತವೇ ನಿಮ್ಮನ್ನು ತೆಗೆದರೆ ಇದರ ಜೊತೆಗೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಅಷ್ಟು ಅವಧಿಯ ಸಂಬಳವನ್ನೂ, ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ಪರಿಹಾರವಾಗಿ ಕೊಡಬೇಕಾಗುತ್ತದೆ. ತಿಂಗಳಿಗೆ ಮೂವತ್ತು ದಿನವೆಂದು ಹಿಡಿದರೂ ಆ ಪರಿಹಾರ 58,500 ರೂಪಾಯಿ, ನೋಟಿಸಿನ ಸಂಬಳ 13,000. ನೀವು ರಾಜೀನಾಮೆ ಕೊಟ್ಟ ಕ್ಷಣ ಈ 71,500 ರೂಪಾಯಿ ಕೈತಪ್ಪುತ್ತದೆ. ನಿಮ್ಮ ಒಂದು ಸಹಿಯ ಬೆಲೆ ಅಷ್ಟು.

ಅವರು ರಾಜೀನಾಮೆಯನ್ನೇ ಕೇಳುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯು ಹೀಗೆ ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ರಾಜೀನಾಮೆಗಾದರೆ ಯಾರ ಅನುಮತಿಯೂ ಬೇಕಿಲ್ಲ. ‘ಮತ್ತೆ ಕರೆಯುತ್ತೇವೆ’ ಎಂಬ ಮಾತಿಗೂ ಬರಹದಲ್ಲಿ ಇಲ್ಲದಿದ್ದರೆ ಬೆಲೆಯಿಲ್ಲ. ಆಡಳಿತವೇ ತೆಗೆದ ಕಾರ್ಮಿಕರಿಗಾದರೆ, ಒಂದು ವರ್ಷದೊಳಗೆ ಅದೇ ಕಾರ್ಖಾನೆ ಹೊಸಬರನ್ನು ತೆಗೆದುಕೊಳ್ಳುವಾಗ ಆದ್ಯತೆ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಪಿ.ಎಫ್. ಬೇಗ ಬಿಡಿಸುತ್ತೇವೆಂಬ ಮಾತಿಗೆ ಮರುಳಾಗಬೇಡಿ. ಅದು ನಿಮ್ಮದೇ ಹಣ, ಯು.ಎ.ಎನ್. (ನಿಮ್ಮ ಪಿ.ಎಫ್. ಸದಸ್ಯತ್ವದ ಸಂಖ್ಯೆ) ಮತ್ತು ಆಧಾರ್ ಸರಿಯಾಗಿ ಜೋಡಣೆಯಾಗಿದ್ದರೆ ನೀವೇ ಅರ್ಜಿ ಹಾಕಬಹುದು. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಅದನ್ನೂ ನೀವೇ ನಮೂದಿಸಲು ಅವಕಾಶವಿದೆ.

ನಾಳೆ ಬೆಳಗ್ಗೆ ಒಬ್ಬರೇ ಎಚ್.ಆರ್. ಕೋಣೆಗೆ ಹೋಗಬೇಡಿ. ಉಳಿದ ಇಪ್ಪತ್ತೊಂದು ಜನರೂ ಜೊತೆಯಾಗಿ, ‘ಕೆಲಸ ಕಡಿಮೆಯಿದ್ದರೆ ನಮ್ಮನ್ನು ತಾತ್ಕಾಲಿಕವಾಗಿ ಲೇ-ಆಫ್‌ನಲ್ಲಿ ಇರಿಸಿ’ ಎಂದು ಬರಹದಲ್ಲಿ ಕೇಳಿ. ಇಲ್ಲಿ ಲೇ-ಆಫ್ ಎಂದರೆ ಕೆಲಸದಿಂದ ತೆಗೆಯುವುದಲ್ಲ, ಕೆಲಸ ಬರುವವರೆಗೆ ಬಿಡುವಿನಲ್ಲಿ ಇರಿಸುವುದು. ಐವತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸೇವೆ ಪೂರೈಸಿದವರಿಗೆ ಲೇ-ಆಫ್ ಅವಧಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಸಿಗಬೇಕು. ಆರ್ಡರ್ ಮರಳಿ ಬರುತ್ತದೆಂದು ಆಡಳಿತ ನಿಜವಾಗಿ ನಂಬಿದ್ದರೆ ಈ ದಾರಿಯನ್ನು ಒಪ್ಪಲು ಕಷ್ಟವೇನಿಲ್ಲ. ಒಪ್ಪದಿದ್ದರೆ ಹಾಸನದ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಈಗಾಗಲೇ ಬರೆದುಕೊಟ್ಟ ಆ ಎಂಟು ಮಂದಿಯನ್ನು ದೂರಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ಒತ್ತಾಯದಿಂದ ಬರೆಸಿಕೊಂಡದ್ದೆಂದು ಅವರು ತಡಮಾಡದೆ ತಿಳಿಸಿದರೆ ಅವರ ಮಾತಿಗೂ ತೂಕ ಬರುತ್ತದೆ. ಆರು ತಿಂಗಳ ನಂತರ ಹೇಳಿದರೆ ಬರುವುದಿಲ್ಲ.

ನಿಮಗೆ ಇ.ಎಸ್.ಐ. ಕಡಿತವಾಗುತ್ತಿದ್ದರೆ ಇನ್ನೊಂದು ವಿಷಯವನ್ನೂ ವಿಚಾರಿಸಿ. ಕೆಲಸ ಕಳೆದುಕೊಂಡ ವಿಮಾದಾರರಿಗೆ ದಿನದ ಸರಾಸರಿ ವೇತನದ ಅರ್ಧದಷ್ಟನ್ನು ಗರಿಷ್ಠ 90 ದಿನಗಳವರೆಗೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಆರಂಭವಾಯಿತು. ಅದನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿರುವುದರಿಂದ, ಸದ್ಯದ ಅವಧಿ ಮತ್ತು ಷರತ್ತುಗಳನ್ನು ಇ.ಎಸ್.ಐ. ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಚನ್ನರಾಯಪಟ್ಟಣದ ಬಳಿಯ ಹಳ್ಳಿಯವನು. 2023ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದೆ. ಯುವನಿಧಿಯ ಎರಡು ವರ್ಷದ ಅವಧಿಯೂ ಮುಗಿಯಿತು. ಬೆಂಗಳೂರಿನ ಕನ್ಸಲ್ಟೆನ್ಸಿಯೊಂದು 1,80,000 ರೂಪಾಯಿ ಕೊಟ್ಟರೆ ಎರಡು ವರ್ಷದ ಅನುಭವ ಪತ್ರವನ್ನೂ ಕೆಲಸವನ್ನೂ ಕೊಡಿಸುವುದಾಗಿ ಹೇಳುತ್ತಿದೆ. ಅಪ್ಪ ಅಮ್ಮನ ಒಡವೆ ಅಡವಿಡಲು ಸಿದ್ಧರಿದ್ದಾರೆ. ಊರಿನಲ್ಲಿ ತಲೆಯೆತ್ತಿ ಓಡಾಡಲು ಆಗುತ್ತಿಲ್ಲ.

ಉತ್ತರ: ಒಡವೆಯನ್ನು ಮನೆಯಲ್ಲೇ ಇರಿಸಲು ಅಪ್ಪನಿಗೆ ಇಂದೇ ಹೇಳಿ. ಆ ಅನುಭವ ಪತ್ರ ಸುಳ್ಳೆಂದು ತಿಳಿಯಲು ಕಂಪನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎರಡು ವರ್ಷ ದುಡಿದವನ ಹೆಸರಿನಲ್ಲಿ ಪಿ.ಎಫ್. ಕಂತುಗಳಿರಬೇಕು, ಬ್ಯಾಂಕ್ ಖಾತೆಗೆ ಸಂಬಳ ಬಂದಿರಬೇಕು, ತೆರಿಗೆಯ ದಾಖಲೆಯಿರಬೇಕು. ಹಿನ್ನೆಲೆ ಪರಿಶೀಲಿಸುವವರು ಮೊದಲು ನೋಡುವುದು ಇವನ್ನೇ. ಸೇರಿ ಮೂರು ವರ್ಷವಾದ ಮೇಲೆ ಸಿಕ್ಕಿಬಿದ್ದರೂ ವಜಾ ಮಾಡುತ್ತಾರೆ, ಆಗ ನಿಜವಾಗಿ ದುಡಿದ ಆ ಮೂರು ವರ್ಷಗಳಿಗೂ ಪ್ರಮಾಣಪತ್ರ ಸಿಗದೆ ಹೋಗಬಹುದು. ಯೋಗ್ಯ ಕಂಪನಿ ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ‘ಠೇವಣಿ’, ‘ತರಬೇತಿ ಶುಲ್ಕ’, ‘ಲ್ಯಾಪ್‌ಟಾಪ್ ಭದ್ರತೆ’ ಎಂದು ಯಾವ ಹೆಸರಿಟ್ಟು ಕೇಳಿದರೂ ಅದು ಒಂದೇ. ಫೋನಿನ ಮೂಲಕ ಈಗಾಗಲೇ ಒಂದಿಷ್ಟು ಹಣ ಕಳಿಸಿದ್ದರೆ, ನಾಚಿಕೆ ಬದಿಗಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಹಣ ಬೇರೆ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ನೀವು ರೆಸ್ಯುಮೆಯನ್ನೂ ಕಳಿಸಿದ್ದೀರಿ. ಅದರಲ್ಲಿ ‘ಕಠಿಣ ಪರಿಶ್ರಮಿ’, ‘ತಂಡದೊಡನೆ ದುಡಿಯಬಲ್ಲವನು’ ಎಂಬಂಥ, ಯಾರು ಬೇಕಾದರೂ ಬರೆಯಬಹುದಾದ ಮಾತುಗಳೇ ತುಂಬಿವೆ. ಆದರೆ ಪತ್ರದ ಮೂರನೆಯ ಪುಟದಲ್ಲಿ, ಪಕ್ಕದ ತೋಟದವರ ತೆಂಗಿನಕಾಯಿ ಸುಲಿಯುವ ಯಂತ್ರದ ಗೇರ್ ಪದೇ ಪದೇ ಮುರಿಯುತ್ತಿದ್ದುದನ್ನು ನೀವು ಬಿಚ್ಚಿ ನೋಡಿ, ಶಾಫ್ಟ್ ಓರೆಯಾಗಿರುವುದನ್ನು ಕಂಡುಹಿಡಿದು, ಹಾಸನದ ಲೇತ್ ಅಂಗಡಿಯಲ್ಲಿ ಸರಿಪಡಿಸಿ ತಂದ ಸಂಗತಿಯನ್ನು ಹೀಗೇ ಬಂದ ಮಾತಿನಂತೆ ಬರೆದುಬಿಟ್ಟಿದ್ದೀರಿ. ಅದನ್ನು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ರೆಸ್ಯುಮೆಯ ಮೊದಲ ಸಾಲು ಅದಾಗಬೇಕು. ದೋಷ ಏನಿತ್ತು, ಹೇಗೆ ಪತ್ತೆಯಾಯಿತು, ಎಷ್ಟು ಖರ್ಚಾಯಿತು, ಆ ಯಂತ್ರ ಈಗ ಎಷ್ಟು ತಿಂಗಳಿಂದ ಓಡುತ್ತಿದೆ ಎಂಬಷ್ಟನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ. ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸುತ್ತದೆಂಬ ನಿಮ್ಮ ಭಯವೂ ಇಲ್ಲಿಯೇ ಅರ್ಧ ಕರಗುತ್ತದೆ, ಏಕೆಂದರೆ ಕೈಯಾರೆ ಮಾಡಿದ ಕೆಲಸವನ್ನು ವಿವರಿಸುವಾಗ ಮಾತು ತಾನಾಗಿ ಬರುತ್ತದೆ. ಮೂರು ವರ್ಷದ ಖಾಲಿ ಜಾಗವನ್ನು ಮುಚ್ಚಿಡಲು ಹೋಗಬೇಡಿ. ‘ತೋಟ ನೋಡಿಕೊಂಡೆ, ಯಂತ್ರಗಳ ದುರಸ್ತಿ ಮಾಡಿದೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ.

ಪೂರ್ಣಾವಧಿಯ ಹುದ್ದೆಗಾಗಿ ಮಾತ್ರ ಕಾಯುವುದನ್ನು ಬಿಟ್ಟು, 1961ರ ಅಪ್ರೆಂಟಿಸ್ ಕಾಯ್ದೆಯಡಿಯ ಒಂದು ವರ್ಷದ ತರಬೇತಿಗೂ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಎಚ್.ಎ.ಎಲ್., ಬಿ.ಇ.ಎಲ್. ನಂಥ ಸಂಸ್ಥೆಗಳು ಪದವೀಧರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಪದವಿ ಮುಗಿದು ಹೆಚ್ಚು ವರ್ಷಗಳಾದರೆ ಈ ಬಾಗಿಲು ಮುಚ್ಚುವುದರಿಂದ ಈ ವಾರವೇ ಮಾಡಬೇಕಾದ ಕೆಲಸವಿದು. ಸ್ಟೈಪೆಂಡ್ ದೊಡ್ಡದಲ್ಲ, ಕಾಯಂ ಮಾಡುವ ಖಾತ್ರಿಯೂ ಇಲ್ಲ. ಆದರೆ ಕೊನೆಗೆ ಸಿಗುವ ಪ್ರಮಾಣಪತ್ರ ಯಾವ ಪರಿಶೀಲನೆಗೂ ಹೆದರಬೇಕಾಗಿಲ್ಲದ ಅಸಲಿ ಅನುಭವ. 2017ರಲ್ಲಿ ಹಾಸನ–ಬೆಂಗಳೂರು ನೇರ ರೈಲು ಮಾರ್ಗ ಪೂರ್ಣಗೊಂಡು, ಚನ್ನರಾಯಪಟ್ಟಣದಿಂದ ಯಶವಂತಪುರಕ್ಕೆ ನೇರವಾಗಿ ಹೋಗಲು ಅನುಕೂಲವಾಗಿದೆ. ಅಲ್ಲಿಂದ ಪೀಣ್ಯ ಹತ್ತಿರ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಎಷ್ಟೋ ಕೆಲಸಗಳು ಯಾವ ಜಾಲತಾಣದಲ್ಲೂ ಪ್ರಕಟವಾಗದೆ, ಬಾಗಿಲಿಗೆ ಬಂದು ಕೇಳಿದವರಿಗೇ ಸಿಗುತ್ತವೆ. ವಾರಕ್ಕೊಂದು ದಿನ ಅದಕ್ಕಾಗಿ ಮೀಸಲಿಡಿ.

ಪ್ರಶ್ನೆ: ಕಡೂರು ತಾಲ್ಲೂಕಿನಲ್ಲಿ ಮೈಕ್ರೋಫೈನಾನ್ಸ್ ಸಂಸ್ಥೆಯೊಂದರ ಫೀಲ್ಡ್ ಆಫೀಸರ್. ಕಂತು ಕಟ್ಟದವರ ಮನೆಯ ಮುಂದೆ ರಾತ್ರಿಯವರೆಗೂ ಕೂರಬೇಕೆಂದು ಮೇಲಧಿಕಾರಿ ಹೇಳುತ್ತಾರೆ. ಆ ಹೆಂಗಸರ ಮುಖ ನೆನಪಾಗಿ ನಿದ್ದೆ ಬರುವುದಿಲ್ಲ. ಬಿಟ್ಟರೆ ಬೇರೆ ಕೆಲಸವಿಲ್ಲ.

ಉತ್ತರ: ನಿಮ್ಮ ನಿದ್ದೆ ಕೆಟ್ಟಿರುವುದು ನಿಮ್ಮ ದೌರ್ಬಲ್ಯದಿಂದಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲದ ವಸೂಲಿಗಾಗಿ ಬೆಳಗ್ಗೆ 9ಕ್ಕಿಂತ ಮೊದಲು ಅಥವಾ ಸಂಜೆ 6ರ ನಂತರ ಸಾಲಗಾರರನ್ನು ಸಂಪರ್ಕಿಸುವಂತಿಲ್ಲ. ಬೆದರಿಕೆ, ನಿಂದನೆಗಳೂ ನಿಷಿದ್ಧ. ಮುಂದಿನ ಬಾರಿ ಅಂಥ ಆದೇಶ ಬಂದಾಗ, ‘ನಿಯಮದಂತೆ ಸಂಜೆ 6ಕ್ಕೆ ಭೇಟಿ ಮುಗಿಸಿದ್ದೇನೆ, ನಾಳೆ 9ಕ್ಕೆ ಮತ್ತೆ ಹೋಗುತ್ತೇನೆ’ ಎಂದು ಮರ್ಯಾದೆಯಿಂದ ಬರಹದಲ್ಲಿಯೇ ಉತ್ತರಿಸಿ, ಆ ಸಂದೇಶವನ್ನು ಉಳಿಸಿಕೊಳ್ಳಿ. ನಾಳೆ ಅನಾಹುತವೇನಾದರೂ ಆದರೆ ಪೊಲೀಸರು ಮೊದಲು ಹುಡುಕುವುದು ಬಾಗಿಲಲ್ಲಿ ಕೂತವನನ್ನೇ ಹೊರತು ಕೂರಲು ಹೇಳಿದವರನ್ನಲ್ಲ.

ಬೇರೆ ಕೆಲಸ ಹುಡುಕಲು ಈಗಲೇ ಆರಂಭಿಸಿ. ಹಳ್ಳಿಯ ಲೆಕ್ಕಪತ್ರ ಬಲ್ಲ, ಮನೆಮನೆಯ ಪರಿಚಯವಿರುವ ನಿಮ್ಮಂಥವರು ಸಹಕಾರ ಸಂಘಗಳಿಗೂ, ಕೃಷಿ ಪರಿಕರ ಮಾರುವ ಕಂಪನಿಗಳಿಗೂ ಬೇಕಾಗುತ್ತಾರೆ. ಬಿಡುವ ದಿನ ಪ್ರತಿ ಕೇಂದ್ರದ ನಗದು ಲೆಕ್ಕವನ್ನು ಒಪ್ಪಿಸಿ ಸಹಿಯಿರುವ ರಸೀದಿ ಪಡೆಯದೆ ಹೊರಬರಬೇಡಿ, ಏಕೆಂದರೆ ಹಣ ದುರುಪಯೋಗದ ಆರೋಪ ಆಮೇಲೆ ಬಂದರೆ ನಿಮ್ಮ ಬಳಿ ಇರುವ ರಕ್ಷಣೆ ಅದೊಂದೇ. ನಿದ್ದೆಯಿಲ್ಲದ ರಾತ್ರಿಗಳ ಬಗ್ಗೆ 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನಲ್ಲಿ 22 ವರ್ಷಗಳಿಂದ ರೈಟರ್ (ತೋಟದ ಲೆಕ್ಕ ಬರೆಯುವ ಗುಮಾಸ್ತ). ವಯಸ್ಸು 47. ತೋಟ ಮಾರಾಟವಾಗಿದೆ. ಹೊಸ ಮಾಲೀಕರು ನನ್ನನ್ನು ಹೊಸದಾಗಿ ಸೇರಿದಂತೆ ಬರೆದುಕೊಡಲು ಹೇಳುತ್ತಿದ್ದಾರೆ. ಈ ವಯಸ್ಸಿನಲ್ಲಿ ಬೇರೆ ಏನು ಕಲಿಯಲಿ?

ಉತ್ತರ: ‘ಹೊಸದಾಗಿ’ ಎಂಬ ಆ ಒಂದು ಪದ ನಿಮ್ಮ 22 ವರ್ಷಗಳನ್ನು ಅಳಿಸಿಬಿಡುತ್ತದೆ. ಸಂಸ್ಥೆ ಕೈ ಬದಲಾದಾಗ ಸೇವೆ ಮುರಿಯದೆ, ಷರತ್ತುಗಳು ಮೊದಲಿಗಿಂತ ಕೆಳಗಿಳಿಯದೆ, ಹಿಂದಿನ ವರ್ಷಗಳ ಹೊಣೆಯನ್ನೂ ಹೊಸ ಮಾಲೀಕರು ಒಪ್ಪಿಕೊಂಡು ಮುಂದುವರಿಸಬೇಕು. ಇಲ್ಲವಾದರೆ ಕೆಲಸದಿಂದ ತೆಗೆದಾಗ ಕೊಡುವಂತೆಯೇ ನೋಟಿಸ್ ಮತ್ತು ಪರಿಹಾರ ಕೊಡಬೇಕು. ಗುಮಾಸ್ತಿಕೆಯ ಕೆಲಸ ಮಾಡುವವರೂ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ. ಆದ್ದರಿಂದ ‘ಹಿಂದಿನ ಸೇವೆಯನ್ನು ಮುಂದುವರಿಸಲಾಗಿದೆ’ ಎಂಬ ವಾಕ್ಯವಿರುವ ಪತ್ರವನ್ನೇ ಕೇಳಿ, ಇಲ್ಲವೇ ಹಳೆಯ ಮಾಲೀಕರಿಂದ ಗ್ರಾಚ್ಯುಟಿ ಸೇರಿದಂತೆ ಪೂರ್ತಿ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಿ. ಹತ್ತು ವರ್ಷ ಮೀರಿದ ಪಿ.ಎಫ್. ಸೇವೆಯಿರುವುದರಿಂದ 58ಕ್ಕೆ ನಿಮಗೆ ಪಿಂಚಣಿ ಬರುತ್ತದೆ. ಎಸ್ಟೇಟಿನ ಹಳೆಯ ದಾಖಲೆಗಳಲ್ಲಿ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದದಿರುವುದು ಸಾಮಾನ್ಯ. ಹಳೆಯ ಮಾಲೀಕರ ಸಹಿ ಸಿಗುವಾಗಲೇ ಅದನ್ನು ಸರಿಪಡಿಸಿಕೊಳ್ಳಿ.

ಕಲಿಯುವ ವಿಷಯಕ್ಕೆ ಬಂದರೆ, ನಿಮಗೆ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ, ಗೊಬ್ಬರದ ದಾಸ್ತಾನು, ಕೊಯ್ಲಿನ ತೂಕ ಎಲ್ಲವೂ ಗೊತ್ತು. ಇದೇ ಕೆಲಸಕ್ಕೆ ಈಗ ಹೊಸ ಬೇಡಿಕೆ ಬರುತ್ತಿದೆ. ಅರಣ್ಯ ಕಡಿದ ಭೂಮಿಯಲ್ಲಿ ಬೆಳೆದ ಕಾಫಿಯನ್ನು ತಡೆಯಲು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಂತೆ, ಬೀಜ ಯಾವ ತಾಕಿನದೆಂಬುದನ್ನು ಭೂಸ್ಥಾನದ ಗುರುತಿನೊಂದಿಗೆ ತೋರಿಸಬೇಕಾಗುತ್ತದೆ. ಅದರ ಜಾರಿ ಎರಡು ಬಾರಿ ಮುಂದೂಡಲ್ಪಟ್ಟಿದ್ದರೂ ಸಿದ್ಧತೆ ನಿಂತಿಲ್ಲ. ತಾಕಿನ ಗಡಿಯನ್ನು ಫೋನಿನಲ್ಲಿ ಗುರುತಿಸುವುದು, ಕಾಫಿ ಮಂಡಳಿಯ ಆ್ಯಪ್‌ನಲ್ಲಿ ಬೆಳೆಗಾರರ ನೋಂದಣಿ ಮಾಡುವುದು, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಈ ಮೂರನ್ನು ಕಲಿತ ರೈಟರ್ ಒಂದೇ ತೋಟಕ್ಕೆ ಅಂಟಿಕೊಳ್ಳಬೇಕಾಗಿಲ್ಲ. ಸ್ವಂತ ರೈಟರ್ ಇಟ್ಟುಕೊಳ್ಳಲಾಗದ ನಾಲ್ಕೈದು ಸಣ್ಣ ಬೆಳೆಗಾರರ ಕೆಲಸವನ್ನು ವಾರಕ್ಕೊಂದು ದಿನದಂತೆ ವಹಿಸಿಕೊಳ್ಳಬಹುದು, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲೂ ವಿಚಾರಿಸಬಹುದು. ಕೊಯ್ಲು ಆರಂಭವಾದರೆ ಯಾವ ಬೆಳೆಗಾರರಿಗೂ ಕೂತು ಮಾತನಾಡುವ ಬಿಡುವಿರುವುದಿಲ್ಲ. ಮಳೆಗಾಲದಲ್ಲೇ ಅವರವರ ಮನೆಗೆ ಹೋಗಿ ಕೇಳಿ.