ಪಾರ್ಕಿನ್ಸನ್ ಇರುವ ಅಪ್ಪ ಏಕಾಏಕಿ ದುಡ್ಡು ಕಳೆಯುತ್ತಿದ್ದರೆ ಮೊದಲು ಮಾತ್ರೆ ಚೀಟಿ ನೋಡಿ

ಜನ್ಮದಲ್ಲಿ ಇಸ್ಪೀಟು ಮುಟ್ಟದ, ಮಾಸ್ತರಿಕೆ ಮಾಡಿ ನಿವೃತ್ತರಾದ ನಿಮ್ಮ ತಂದೆ ಪಾರ್ಕಿನ್ಸನ್ ಮಾತ್ರೆ ಶುರುವಾದ ಮೇಲೆ ದಿನಾ ಕುಮಟಾ ಪೇಟೆಗೆ ಹೋಗಿ ಓಸಿ (ನಂಬರಿನ ಮೇಲೆ ದುಡ್ಡು ಕಟ್ಟುವ ಮಟ್ಕಾ ಜೂಜು) ಬರೆಸುತ್ತಾರೆ, ಕೇಳಿದರೆ ಸುಳ್ಳು ಹೇಳುತ್ತಾರೆ; ಇದು ರೋಗವೋ, ಇಳಿವಯಸ್ಸಿನ ಚಟವೋ ಎಂದು ಕೇಳಿದ್ದೀರಿ. ಎರಡೂ ಅಲ್ಲದೆ ಮಾತ್ರೆಯೇ ಇರಬಹುದು. ಚೀಟಿಯಲ್ಲಿ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಇದೆಯಾ ಎಂದು ಇವತ್ತೇ ನೋಡಿ. ನಾನು ಡಾಕ್ಟರಲ್ಲ, ಶಿರಸಿ ಹತ್ತಿರದ ತೋಟದ ಮನೆಯಲ್ಲಿ ಇದೇ ಕಾಯಿಲೆಯ ಅಪ್ಪಯ್ಯನನ್ನು ನೋಡಿಕೊಳ್ಳುತ್ತಿರುವವನು.

ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗಿ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಆದರೆ ಡೋಪಮೈನ್ ಕೈಕಾಲಿಗಷ್ಟೇ ಸಂಬಂಧಪಟ್ಟದ್ದಲ್ಲ. ಆಸೆ ಹುಟ್ಟಿಸುವುದು, ‘ಈ ಸಲ ನಂಬರು ಬಂದೇ ಬರ್ತದೆ’ ಅನ್ನಿಸುವುದು, ಇನ್ನು ಸಾಕು ಎಂದು ಕೈ ತಡೆಯುವುದು, ಎಲ್ಲದರಲ್ಲೂ ಅದರ ಪಾಲಿದೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಜಾತಿಯ ಮಾತ್ರೆಗಳು ಡೋಪಮೈನ್ ಮಾಡುವ ಕೆಲಸವನ್ನು ತಾವೇ ಮಾಡುತ್ತವೆ. ನಡಿಗೆಯ ಭಾಗಕ್ಕೆ ಬೇಕಾದಷ್ಟು ಕೊಟ್ಟಾಗ, ಅಷ್ಟಾಗಿ ಹಾಳಾಗದ ಆಸೆಯ ಭಾಗಕ್ಕೆ ಅದು ಅತಿಯಾಗಿಬಿಡುತ್ತದೆ. ಅಮೆರಿಕ, ಕೆನಡಾಗಳ 3,090 ರೋಗಿಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಜಾತಿಯ ಮಾತ್ರೆ ನುಂಗುತ್ತಿದ್ದವರಲ್ಲಿ ನೂರಕ್ಕೆ ಸುಮಾರು 17 ಜನರಿಗೆ ಜೂಜು, ಖರೀದಿ, ತಿನ್ನುವುದು, ಕಾಮ ಇವುಗಳಲ್ಲಿ ಯಾವುದಾದರೂ ಹತೋಟಿ ತಪ್ಪಿತ್ತು. ನುಂಗದವರಲ್ಲಿ ಸುಮಾರು 7.

ನಮ್ಮ ಅಪ್ಪಯ್ಯ ಚಾಲಿ ಅಡಿಕೆ ರೇಟು ಏರುವವರೆಗೆ ವರ್ಷಗಟ್ಟಲೆ ಕಾಯುವ ಮನುಷ್ಯ. ಪ್ರಾಮಿಪೆಕ್ಸೋಲ್ ಡೋಸು ಏರಿದ ಮೇಲೆ ಅಡಿಕೆ ಕೊನೆ (ಗೊನೆ) ಇಳಿಸುವ ಉದ್ದನೆಯ ಫೈಬರ್ ದೋಟಿ ಒಂದಿದ್ದರೂ ಇನ್ನೊಂದು ತರಿಸಿದ, ಅದರ ಮೇಲೆ ಮತ್ತೊಂದು. ತರಿಸಿದ ರಂಬುಟಾನ್ ಹಣ್ಣಿನ ಸಸಿಗಳು ನೆಡಲು ಜಾಗವಿಲ್ಲದೆ ಅಂಗಳದಲ್ಲೇ ಒಣಗಿದವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಂಪ್‌ಸೆಟ್ಟಿನ ಹಳೇ ಸ್ಟಾರ್ಟರ್ ಬಿಚ್ಚುವುದು, ಸ್ಕ್ರೂಗಳನ್ನು ಅಳತೆ ಪ್ರಕಾರ ಪೇಪರಿನ ಮೇಲೆ ಸಾಲಾಗಿ ಇಡುವುದು, ಮತ್ತೆ ಜೋಡಿಸುವುದು, ಮತ್ತೆ ಬಿಚ್ಚುವುದು. ಊರಲ್ಲಿ ‘ಅರಳು ಮರಳು’ ಅಂದರು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಆ ಮಾತೇ ಹೆಚ್ಚು ನೋಯಿಸಿತು. ಲೆಕ್ಕ ಕೇಳಿದರೆ ಅಪ್ಪಯ್ಯ ಪೈಸೆ ಬಿಡದೆ ಹೇಳುತ್ತಿದ್ದ. ಅವನ ಬುದ್ಧಿ ಎಲ್ಲೂ ಹೋಗಿರಲಿಲ್ಲ.

2004ರಲ್ಲಿ ಇನ್ನೊಂದು ಪ್ರಯೋಗದ ವರದಿ ಬಂತು. ಮಾತ್ರೆ ತೆಗೆದುಕೊಳ್ಳದಿದ್ದಾಗ ಪಾರ್ಕಿನ್ಸನ್ ರೋಗಿಗಳು ಸೋಲಿನಿಂದ ಚೆನ್ನಾಗಿ ಕಲಿಯುತ್ತಿದ್ದರು, ತೆಗೆದುಕೊಂಡಾಗ ಗೆಲುವಿನಿಂದ. ಇದನ್ನು ಓದಿದಾಗ ನನಗೆ ಮನೆಯ ದಿನಚರಿಯೇ ಕಂಡಿತು. ಬೆಳಿಗ್ಗೆ ಮಾತ್ರೆಯ ಮೊದಲು ಜಗಲಿಯಲ್ಲಿ ಕೂತು ‘ತೋಟ ಕೊಟ್ಟುಬಿಡುವಾ’ ಎನ್ನುವವನೇ ಹತ್ತು ಗಂಟೆಗೆ ಹೊಸ ತೋಟ ಹಾಕುವ ಮಾತಾಡುತ್ತಾನೆ. ಹಾಗಾಗಿ ಜಮೀನು, ಸಾಲ, ಸಹಿಯ ವಿಷಯ ಬಂದರೆ ನಾವು ಎರಡೂ ಹೊತ್ತಿನಲ್ಲಿ ಕೇಳುತ್ತೇವೆ, ಎರಡೂ ಉತ್ತರ ಒಂದೇ ಆದರೆ ಮಾತ್ರ ಮುಂದುವರಿಯುತ್ತೇವೆ. ನಿರ್ಧಾರ ಅವನದೇ ಇರಬೇಕು ಎನ್ನುವುದು ನನಗೆ ಮುಖ್ಯ.

ಖಿನ್ನತೆ ಬೇರೆ ವಿಷಯ. ಅದು ಈ ರೋಗದ್ದೇ ಭಾಗ, ಕೆಲವರಿಗೆ ನಡುಕಕ್ಕಿಂತ ಮೊದಲೇ ಬರುತ್ತದೆ, ಅದಕ್ಕೆ ಔಷಧವಿದೆ. ಮುಖ ಗಂಟಿಕ್ಕಿದಂತೆ ಕಂಡರೆ ಸಿಟ್ಟು ಅಂದುಕೊಳ್ಳಬೇಡಿ, ಸ್ನಾಯು ಬಿಗಿದಿರುತ್ತದೆ.

ಈಗ ನೀವು ಮಾಡಬೇಕಾದ್ದು. ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ. ಈ ಜಾತಿಯದನ್ನು ಥಟ್ಟನೆ ಬಿಟ್ಟರೆ ವಿಪರೀತ ಚಡಪಡಿಕೆ, ಖಿನ್ನತೆ ಬರಬಹುದು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಎಂಬ ಇನ್ನೊಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೈ ಸೆಟೆದು ಜ್ವರ ಏರಿ ಜೀವಕ್ಕೇ ಅಪಾಯ. ಮಾತ್ರೆ ಶುರುವಾದ ತಾರೀಕು, ಡೋಸು ಏರಿದ ತಾರೀಕು, ಓಸಿ ಶುರುವಾದ ತಿಂಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನರರೋಗ ತಜ್ಞರ ಬಳಿ ಹೋಗಿ. ತಂದೆ ತಾವಾಗಿ ಹೇಳುವುದಿಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು. ಅಮ್ಮನನ್ನೂ ಒಬ್ಬರೇ ಇದ್ದಾಗ ಮಾತಾಡಿಸಿ. ಹಾಸಿಗೆಯ ವಿಷಯದಲ್ಲೂ ಒತ್ತಾಯ ಹೆಚ್ಚಾಗಿದ್ದರೆ ನಮ್ಮ ಕಡೆ ಹೆಂಗಸರು ನುಂಗಿಕೊಂಡಿರುತ್ತಾರೆ. ಅಪ್ಪಯ್ಯನಿಗೆ ಡಾಕ್ಟರು ಪ್ರಾಮಿಪೆಕ್ಸೋಲ್ ಸ್ವಲ್ಪಸ್ವಲ್ಪವಾಗಿ ಇಳಿಸಿ ಲೆವೊಡೋಪಾ ಹೊಂದಿಸಿದರು. ಖರೀದಿ ನಿಂತಿತು, ನಡಿಗೆ ತುಸು ನಿಧಾನವಾಯಿತು. ಯಾರಾದರೂ ನಸುಗುನ್ನಿ ಬೀಜದ ಪುಡಿ ಕೊಡುತ್ತೇವೆ ಅಂದರೆ ಅದನ್ನೂ ಡಾಕ್ಟರಿಗೆ ತಿಳಿಸದೆ ಕೊಡಬೇಡಿ, ಅದರಲ್ಲಿರುವುದೂ ಲೆವೊಡೋಪಾವೇ.

ಅಲ್ಲಿಯವರೆಗೆ ಪಿಂಚಣಿ ಖಾತೆಯ ಯುಪಿಐ ಮಿತಿ ಇಳಿಸಿ, ಅದೂ ತಂದೆಗೆ ಹೇಳಿಯೇ. ‘ಅಪ್ಪಾ, ಇದು ನಿಮ್ಮ ತಪ್ಪಲ್ಲ, ಮಾತ್ರೆಯಿಂದ ಹೀಗಾಗ್ತದಂತೆ’ ಎಂದು ಮೊದಲು ಹೇಳಿ. ಅವರು ಸುಳ್ಳು ಹೇಳುವುದು ನಾಚಿಕೆಯಿಂದ. ಒಂದು ವೇಳೆ ಚೀಟಿಯಲ್ಲಿ ಆ ಮಾತ್ರೆಗಳೇ ಇಲ್ಲದಿದ್ದರೆ, ಅಥವಾ ನಡುಕಕ್ಕಿಂತ ಮೊದಲೇ ಸ್ವಭಾವ ಬದಲಾಗಿದ್ದರೆ ಅದನ್ನೂ ಆ ಹಾಳೆಯಲ್ಲಿ ಬರೆಯಿರಿ. ಆಗ ಡಾಕ್ಟರು ಮಿದುಳಿನ ಮುಂಭಾಗದ ಬೇರೆ ಕಾಯಿಲೆ ಇದೆಯೇ ಎಂದು ನೋಡಬೇಕಾಗುತ್ತದೆ.