ಮದುವೆ ಆಯ್ತು, ವೀಸಾಕ್ಕೆ ಸ್ಪಾನ್ಸರ್ ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹುಟ್ಟಿದ್ದು ಮಿಷಿಗನ್‌ನಲ್ಲಿ. ಅಪ್ಪ ಆಗ ಅಲ್ಲಿ ಕೆಲಸದಲ್ಲಿದ್ದರು. ನನಗೆ ನಾಲ್ಕು ವರ್ಷ ಇದ್ದಾಗ ಎಲ್ಲರೂ ಮೈಸೂರಿಗೆ ವಾಪಸ್ ಬಂದೆವು. ಅಮೆರಿಕದ ಪಾಸ್‌ಪೋರ್ಟ್ ಇದೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ, ಇಲ್ಲೇ ಸಾಫ್ಟ್‌ವೇರ್ ಕೆಲಸ. ಕಳೆದ ವರ್ಷ ಮದುವೆಯಾಯಿತು, ಹೆಂಡತಿ ಹಾಸನದವಳು. ಇಬ್ಬರೂ ಅಮೆರಿಕಕ್ಕೆ ಹೋಗಿ ನೆಲೆಸಬೇಕು ಅಂದುಕೊಂಡಿದ್ದೇವೆ. ನಾನು ಇಲ್ಲಿದ್ದುಕೊಂಡೇ ಅವಳನ್ನು ಸ್ಪಾನ್ಸರ್ ಮಾಡಬಹುದಾ? ಅಲ್ಲಿ ನನಗೆ ಮನೆಯಿಲ್ಲ, ಕೆಲಸವಿಲ್ಲ. ಡಲ್ಲಾಸ್‌ನಲ್ಲಿರುವ ದೊಡ್ಡಮ್ಮನ ಮಗ, ನಮ್ಮಣ್ಣ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅಂತಿದ್ದಾನೆ.
– ಓದುಗ, ಮೈಸೂರು

ಉತ್ತರ: ಮಾಡಬಹುದು. ಅರ್ಜಿ ಹಾಕಲು ಅಮೆರಿಕದಲ್ಲಿ ಇರಲೇಬೇಕು ಅಂತೇನಿಲ್ಲ. ಕುಟುಂಬದವರನ್ನು ಕರೆಸಿಕೊಳ್ಳಲು ಹಾಕುವ ಐ-130 ಅನ್ನುವ ಫಾರಂ, ಮೈಸೂರಿನಲ್ಲೇ ಕೂತು ಆನ್‌ಲೈನ್‌ನಲ್ಲಿ ತುಂಬಬಹುದು. 2024ರ ಏಪ್ರಿಲ್‌ನಿಂದ ಆನ್‌ಲೈನ್‌ಗೆ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675. ಕಟ್ಟುವ ಮುನ್ನ ಒಮ್ಮೆ ನೋಡಿಕೊಳ್ಳಿ, ಶುಲ್ಕ ಬದಲಾಗುತ್ತಲೇ ಇರುತ್ತದೆ. ನೀವು ಪ್ರಜೆ, ಅವರು ನಿಮ್ಮ ಹೆಂಡತಿ, ಹಾಗಾಗಿ ವರ್ಷಕ್ಕೆ ಇಷ್ಟೇ ಜನ ಅನ್ನುವ ಕೋಟಾ ನಿಮಗಿಲ್ಲ. ಆದರೂ ಎಲ್ಲ ಮುಗಿಯುವಾಗ ಒಂದು ವರ್ಷ ಸಲೀಸಾಗಿ ದಾಟಿರುತ್ತದೆ.

ನಿಮಗೆ ಕಷ್ಟ ಬರುವುದು ಇಲ್ಲಿ ಅಲ್ಲ, ಎರಡನೇ ಹಂತದಲ್ಲಿ. ಐ-130 ಒಪ್ಪಿಗೆಯಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಹೆಂಡತಿ ಡಿಎಸ್-260 ಅನ್ನುವ ವೀಸಾ ಅರ್ಜಿ ತುಂಬಬೇಕು, ನೀವು ಐ-864 ತುಂಬಬೇಕು. ಈ ಐ-864 ಅಂದರೆ "ಇವರು ಸರ್ಕಾರದ ಮೇಲೆ ಹೊರೆಯಾಗದ ಹಾಗೆ ನಾನು ನೋಡಿಕೊಳ್ಳುತ್ತೇನೆ" ಅಂತ ನೀವು ಬರೆದುಕೊಡುವ ಮುಚ್ಚಳಿಕೆ. ಅದರಲ್ಲಿ ಎಲ್ಲರ ಕಣ್ಣೂ ಆದಾಯದ ಮೇಲೆ ಬೀಳುತ್ತದೆ, ವಾಸಸ್ಥಳದ ಪ್ರಶ್ನೆಯನ್ನು ಯಾರೂ ಸರಿಯಾಗಿ ಓದುವುದಿಲ್ಲ. ಸ್ಪಾನ್ಸರ್ ಆದವರ ಕಾಯಂ ವಾಸ ಅಮೆರಿಕದಲ್ಲಿ ಇರಬೇಕು, ಇಲ್ಲದಿದ್ದರೆ ಹೆಂಡತಿ ಅಲ್ಲಿ ಕಾಲಿಡುವ ದಿನಕ್ಕಾದರೂ ನೀವೂ ಅಲ್ಲಿ ನೆಲೆಸುತ್ತೀರಿ ಅಂತ ನಂಬಿಸಬೇಕು. ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ವಾಸ ಇದ್ದ ಹಾಗೆ ಆಗುವುದಿಲ್ಲ.

ಅಣ್ಣನ ಸಹಿಯ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಅವರು ಪ್ರಜೆಯೋ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇರುವವರೋ ಆಗಿದ್ದರೆ ಜಾಯಿಂಟ್ ಸ್ಪಾನ್ಸರ್ ಆಗಬಹುದು, ನಿಮ್ಮ ಆದಾಯದ ಕೊರತೆಯನ್ನು ತುಂಬಬಹುದು. ಅಷ್ಟೇ. ನಿಮ್ಮ ವಾಸಸ್ಥಳದ ಕೊರತೆಯನ್ನು ಅವರಲ್ಲ, ಯಾರೂ ತುಂಬಲಾಗದು. ಅಣ್ಣ ಎಷ್ಟೇ ಸಂಪಾದಿಸಲಿ, ನಿಮ್ಮ ಐ-864 ಬೇರೆಯಾಗಿ ಹೋಗಲೇಬೇಕು. ಇನ್ನೊಂದು ಮಾತು, ಸಹಿ ಹಾಕುವ ಮೊದಲು ಅವರಿಗೂ ಅತ್ತಿಗೆಗೂ ಇದನ್ನು ಬಿಡಿಸಿ ಹೇಳಿ: ಆ ಹೊಣೆ ನಿಮ್ಮ ಹೆಂಡತಿ ಅಮೆರಿಕದ ಪ್ರಜೆಯಾಗುವವರೆಗೆ, ಇಲ್ಲವೇ 40 ತ್ರೈಮಾಸಿಕದ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ, ಅಂದರೆ ಹೆಚ್ಚುಕಡಿಮೆ ಹತ್ತು ವರ್ಷ ಇರುತ್ತದೆ. ನಿಮ್ಮ ಹೆಂಡತಿ ಅಮೆರಿಕವನ್ನೇ ಬಿಟ್ಟುಬಂದರೆ ಅದಕ್ಕೂ ಮೊದಲೇ ಮುಗಿಯಬಹುದು. ದೇವರು ಹಾಗೆ ಮಾಡದಿರಲಿ, ನಿಮ್ಮಿಬ್ಬರಿಗೆ ಡಿವೋರ್ಸ್ ಆದರೂ ಅಣ್ಣನ ಹೊಣೆ ತಪ್ಪುವುದಿಲ್ಲ. ಮದುವೆ ಮನೆಯ ಗಲಾಟೆಯಲ್ಲಿ "ಹಾಕ್ತೀನಿ ಬಿಡೋ" ಅಂದಿರುತ್ತಾರೆ, ಆಮೇಲೆ ಮನಸ್ತಾಪ ಬೇಡ.

ನೆಲೆಸುತ್ತೇನೆ ಅನ್ನುವುದಕ್ಕೆ ಏನು ತೋರಿಸಬೇಕು? ಅಲ್ಲಿನ ಬ್ಯಾಂಕ್ ಖಾತೆ, ಅದಕ್ಕೆ ಇಲ್ಲಿಂದ ಕಳಿಸಿದ ಹಣ, ಬಾಡಿಗೆ ಕರಾರು ಅಥವಾ ಅಣ್ಣನ ಮನೆಯಲ್ಲಿ ಇರುತ್ತೀರಿ ಅನ್ನುವ ಪತ್ರ, ಕೆಲಸಕ್ಕೆ ಹಾಕಿದ ಅರ್ಜಿಗಳು, ಇಂಟರ್‌ವ್ಯೂಗೆ ಕರೆದ ಇಮೇಲ್‌ಗಳು, ಇಲ್ಲಿನ ಕೆಲಸಕ್ಕೆ ಕೊಟ್ಟ ರಾಜೀನಾಮೆ. ಒಂದೇ ಒಂದು ಪತ್ರ ಸಾಲದು, ನಾಲ್ಕೈದು ಸೇರಿದರೆ ತೂಕ ಬರುತ್ತದೆ. ನನ್ನನ್ನು ಕೇಳಿದರೆ, ಕಡತ ವೀಸಾ ಸೆಂಟರ್ ತಲುಪಿದ ಮೇಲೆ ನೀವೊಬ್ಬರೇ ಮೊದಲು ಹೋಗಿಬಿಡಿ. ಅಲ್ಲೊಂದು ಕೆಲಸ ಹಿಡಿಯಿರಿ. ವಾಸ, ಆದಾಯ ಎರಡೂ ಒಂದೇ ಏಟಿಗೆ ಇತ್ಯರ್ಥವಾಗುತ್ತವೆ, ಅಣ್ಣನನ್ನು ಕಾಡುವ ಅಗತ್ಯವೇ ಬರದಿರಬಹುದು. ಹೊಸದಾಗಿ ಮದುವೆಯಾದವರಿಗೆ ಹೀಗೆ ಹೇಳುವುದು ಸರಿಯಲ್ಲ ಅಂತ ಗೊತ್ತು, ಆದರೆ ವೀಸಾ ಇಂಟರ್‌ವ್ಯೂಗೆ ಅಮೆರಿಕದ ಮುಂಬೈ ಕಾನ್ಸುಲೇಟ್‌ನ ಕಿಟಕಿಯ ಮುಂದೆ ಹೆಂಡತಿ ಒಬ್ಬರೇ ನಿಂತಾಗ "ಗಂಡ ಎಲ್ಲಿದ್ದಾರೆ?" ಅಂತ ಕೇಳಿದರೆ "ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾರೆ" ಅನ್ನುವ ಉತ್ತರಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ.

ಆದಾಯ ಎಷ್ಟು ಬೇಕು ಅಂದರೆ, ಅಮೆರಿಕ ಸರ್ಕಾರದ ಬಡತನ ರೇಖೆಯ ಶೇ 125. ಇಬ್ಬರ ಕುಟುಂಬಕ್ಕೆ 2025ರ ಲೆಕ್ಕದಲ್ಲಿ ಅದು ಸುಮಾರು 26,437 ಡಾಲರ್, ಪ್ರತಿ ವರ್ಷ ಬದಲಾಗುತ್ತದೆ. ಇಲ್ಲಿನ ಸಂಬಳ ಎಷ್ಟೇ ಇರಲಿ, ಅಲ್ಲಿಗೆ ಹೋದ ಮೇಲೂ ಅದೇ ಕಂಪನಿಯಿಂದ ಮುಂದುವರಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸೈಟು, ಎಫ್‌ಡಿ ತೋರಿಸಬಹುದು, ಆದರೆ ಕೊರತೆಯ ಮೂರು ಪಟ್ಟು ಬೆಲೆ ಇರಬೇಕು. ಆದಾಯ ಪೂರ್ತಿ ಸೊನ್ನೆ ಅಂತಿಟ್ಟುಕೊಂಡರೆ ಸುಮಾರು 79,300 ಡಾಲರ್. ಒಂದು ವರ್ಷದೊಳಗೆ ಮಾರಿ ಹಣ ಮಾಡಿಕೊಳ್ಳಬಹುದು, ಆ ಹಣ ದೇಶದಿಂದ ಹೊರಗೆ ಹೋಗಬಹುದು ಅಂತಲೂ ತೋರಿಸಬೇಕು. ಅಣ್ಣತಮ್ಮಂದಿರ ಭಾಗ ಆಗದ, ಕೋರ್ಟಿನಲ್ಲಿರುವ ಪಿತ್ರಾರ್ಜಿತ ಜಮೀನನ್ನು ದಯವಿಟ್ಟು ತೋರಿಸಬೇಡಿ.

ನೀವು ಕೇಳದೇ ಇದ್ದ ಎರಡು ವಿಷಯ ಹೇಳಲೇಬೇಕು. ಒಂದು, ಟ್ಯಾಕ್ಸ್. ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ, ಆದಾಯ ಮಿತಿ ದಾಟಿದರೆ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು. ಎಷ್ಟೋ ಸಲ ಕಟ್ಟುವ ತೆರಿಗೆ ಏನೂ ಇರುವುದಿಲ್ಲ, ಆದರೆ ಸಲ್ಲಿಸಬೇಕು. ಐ-864 ಜೊತೆ ಇತ್ತೀಚಿನ ವರ್ಷದ ರಿಟರ್ನ್ ಕೇಳುತ್ತಾರೆ. ನಾಲ್ಕು ವರ್ಷಕ್ಕೇ ಬಂದವರು ನೀವು, ಬಹುಶಃ ಒಮ್ಮೆಯೂ ಸಲ್ಲಿಸಿಲ್ಲ ಅಲ್ವಾ? ಗೊತ್ತಿಲ್ಲದೆ ಬಿಟ್ಟವರಿಗೆ ದಂಡವಿಲ್ಲದ ದಾರಿಯೊಂದಿದೆ: ಮೂರು ವರ್ಷದ ರಿಟರ್ನ್, ಆರು ವರ್ಷದ ವಿದೇಶಿ ಬ್ಯಾಂಕ್ ಖಾತೆಗಳ ವಿವರ. ಅವರ ಕಣ್ಣಿಗೆ ನಿಮ್ಮ ಮೈಸೂರಿನ ಎಸ್‌ಬಿ ಖಾತೆಯೇ ವಿದೇಶಿ ಖಾತೆ. ಅಮೆರಿಕದ ತೆರಿಗೆ ಗೊತ್ತಿರುವವರಿಂದಲೇ ಇದನ್ನು ಮಾಡಿಸಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಯಾವುದೂ ಮುಂದೆ ಹೋಗದು, ಅಪ್ಪನ ಹಳೇ ಫೈಲುಗಳಲ್ಲಿ ಇವತ್ತೇ ಹುಡುಕಿ.

ಎರಡನೆಯದು, ಮಗು. ಹೋಗುವ ಮೊದಲೇ ಇಲ್ಲಿ ಮಗು ಹುಟ್ಟಿದರೆ ಅದು ತಾನಾಗಿ ಅಮೆರಿಕದ ಪ್ರಜೆ ಆಗುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರೇ ಪ್ರಜೆಯಾಗಿದ್ದರೆ, ಮಗು ಹುಟ್ಟುವ ಮೊದಲು ಅವರು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲೆ. ನೀವು ಎರಡರಲ್ಲೂ ಸೋಲುತ್ತೀರಿ. ಹಾಗಾದರೆ ಮಗುವಿಗೆ ಬೇರೆಯದೇ ಐ-130 ಹಾಕಬೇಕು, ತಾಯಿಯ ಅರ್ಜಿಯಲ್ಲಿ ಸೇರಿಸಲು ಬರುವುದಿಲ್ಲ. ಗ್ರೀನ್ ಕಾರ್ಡ್ ಮೇಲೆ ಅಲ್ಲಿಗೆ ಹೋಗಿ ನಿಮ್ಮ ಜೊತೆಗೇ ವಾಸ ಶುರುಮಾಡಿದ ಕೂಡಲೇ ಮಗು ಪ್ರಜೆಯಾಗುತ್ತದೆ, ಅದೊಂದು ಸಮಾಧಾನ.

ಪ್ರಶ್ನೆ: ಅಳಿಯಂದಿರು ಅಮೆರಿಕದ ಪ್ರಜೆ, ದುಬೈನಲ್ಲಿ ಕೆಲಸ. ಮಗಳೂ ಎರಡು ವರ್ಷದಿಂದ ಅಲ್ಲೇ ಇದ್ದಾಳೆ. ಈಗ ಅಮೆರಿಕಕ್ಕೆ ಹೋಗುತ್ತಾರಂತೆ. ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಗ್ರೀನ್ ಕಾರ್ಡ್ ಮಾಡಿಸಿಕೊಂಡರೆ ಬೇಗ ಆಗುತ್ತದೆ ಅಂತ ಬೀಗರ ಕಡೆಯವರೊಬ್ಬರು ಹೇಳಿದರು. ಮಗಳ ಪಾಸ್‌ಪೋರ್ಟಿನಲ್ಲಿ ಹೆಸರಿನ ಗೊಂದಲವೂ ಇದೆ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಬೇಡಮ್ಮ, ಆ ದಾರಿ ಬೇಡ. ಟೂರಿಸ್ಟ್ ವೀಸಾ ಕೇಳುವಾಗ "ನೋಡಿಕೊಂಡು ವಾಪಸ್ ಬರುತ್ತೇನೆ" ಅಂತ ಹೇಳಿ, ಮನಸ್ಸಿನಲ್ಲಿ ಅಲ್ಲೇ ಉಳಿಯುವ ಯೋಚನೆ ಇಟ್ಟುಕೊಂಡರೆ ಅದು ಸುಳ್ಳು ಹೇಳಿ ವೀಸಾ ಪಡೆದ ಲೆಕ್ಕ. ಸಿಕ್ಕಿಬಿದ್ದರೆ ಕಾಯಂ ನಿಷೇಧದವರೆಗೂ ಹೋಗಬಹುದು. ಗಂಡ ಪ್ರಜೆ ಅಂತ ಗೊತ್ತಾದ ಕೂಡಲೇ ಟೂರಿಸ್ಟ್ ವೀಸಾ ಅಧಿಕಾರಿ ಅನುಮಾನದಿಂದ ನೋಡುವುದೂ ಸಹಜ.

ನಿಮ್ಮ ಮಗಳು ಯುಎಇ ನಿವಾಸಿ ಆಗಿರುವುದರಿಂದ ಇಂಟರ್‌ವ್ಯೂ ಅಬುಧಾಬಿಯಲ್ಲೇ ಆಗಬಹುದು, ಮುಂಬೈಗೆ ಬರಬೇಕಿಲ್ಲ. ಯುಎಇಯ ಪೊಲೀಸ್ ಪ್ರಮಾಣಪತ್ರ ಮತ್ತು ಭಾರತದ ಪಿಸಿಸಿ (ಇಲ್ಲಿನ ಪೊಲೀಸ್ ಪ್ರಮಾಣಪತ್ರ) ಎರಡೂ ಬೇಕು. ಅವರು ಅಮೆರಿಕಕ್ಕೆ ಕಾಲಿಡುವ ದಿನ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ನೇರವಾಗಿ ಹತ್ತು ವರ್ಷದ ಕಾರ್ಡ್ ಸಿಗುತ್ತದೆ. ತುಂಬದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡ್, ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಮತ್ತೊಂದು ಅರ್ಜಿ, ಮತ್ತೊಂದು ಶುಲ್ಕ. ಮೈಸೂರಿನ ಓದುಗರಿಗೆ ಹೇಳಿದ ವಾಸಸ್ಥಳದ ಮಾತು ಅಳಿಯಂದಿರಿಗೂ ಹಾಗೇ ಅನ್ವಯಿಸುತ್ತದೆ. ಅವರು ಮೊದಲು ಹೋಗಬೇಕು, ಇಲ್ಲವೇ ಜೊತೆಗೆ ಹೋಗಬೇಕು. ಹೆಂಡತಿಯನ್ನು ಕಳಿಸಿ ತಾವು ದುಬೈನಲ್ಲೇ ಉಳಿಯುವ ಯೋಚನೆ ಇದ್ದರೆ ನಡೆಯುವುದಿಲ್ಲ.

ಹೆಸರಿನ ಗೊಂದಲ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಮದುವೆ ನೋಂದಣಿಯಲ್ಲಿ ಗಂಡನ ಹೆಸರು. ಎಲ್ಲ ಅರ್ಜಿಯನ್ನೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ತುಂಬಿ, ಉಳಿದ ರೂಪಗಳನ್ನು "ಬೇರೆ ಹೆಸರುಗಳು" ಅನ್ನುವ ಜಾಗದಲ್ಲಿ ಬರೆಯಿರಿ. ಜನನ ಪ್ರಮಾಣಪತ್ರ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಕರ ಸಹಿಯೊಂದಿಗೆ ಸೇರಿಸಬೇಕು. ಲಗ್ನಪತ್ರಿಕೆ, ಧಾರೆಯ ಫೋಟೋ ಜೊತೆಗಿರಲಿ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರಕ್ಕೆ ಅವು ಬದಲಿ ಅಲ್ಲ.

ಪ್ರಶ್ನೆ: ನನಗೆ ಗ್ರೀನ್ ಕಾರ್ಡ್ ಇದೆ. ಅಪ್ಪನ ಆರೋಗ್ಯಕ್ಕಾಗಿ ಹುಬ್ಬಳ್ಳಿಗೆ ಬಂದು ಎಂಟು ತಿಂಗಳಾಯಿತು. ಇಲ್ಲೇ ಮದುವೆಯಾದೆ. ಇಲ್ಲಿಂದಲೇ ಹೆಂಡತಿಗೆ ಅರ್ಜಿ ಹಾಕಲೇ?
– ಓದುಗ, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಕಾರ್ಡ್ ಉಳಿಸಿಕೊಳ್ಳಿ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲು ಬರುವುದಿಲ್ಲ. ಎರಡು ವರ್ಷದವರೆಗಿನ ರೀ-ಎಂಟ್ರಿ ಪರ್ಮಿಟ್ ಇದೆ, ಆದರೆ ಅದಕ್ಕೆ ಅರ್ಜಿ ಹಾಕುವಾಗ ನೀವು ಅಮೆರಿಕದ ನೆಲದಲ್ಲೇ ಇರಬೇಕು. ಟಿಕೆಟ್ ಬುಕ್ ಮಾಡಿ. ಪ್ರಜೆಯ ಹೆಂಡತಿಗೆ ಕೋಟಾ ಇಲ್ಲ ಅಂದೆನಲ್ಲ, ಗ್ರೀನ್ ಕಾರ್ಡಿನವರ ಹೆಂಡತಿಗೆ ಇದೆ, ಎಫ್2ಎ ಅನ್ನುವ ಸಾಲಿನಲ್ಲಿ ಕಾಯಬೇಕು. ನಿಮ್ಮ ಕಾರ್ಡೇ ಹೋದರೆ ಆ ಅರ್ಜಿಯೂ ಹೋಗುತ್ತದೆ.

ಪ್ರಶ್ನೆ: ನಾನು ಕೆನಡಾ ಪಿಆರ್ (ಕಾಯಂ ನಿವಾಸಿ). ಟೊರಾಂಟೊದಲ್ಲಿ ಬಾಡಿಗೆ ಮನೆ ಇನ್ನೂ ಇದೆ. ಮದುವೆಗೆ ಉಡುಪಿಗೆ ಬಂದವಳು, ಪತಿಯ ಪೇಪರ್ಸ್ ಆಗುವವರೆಗೆ ಅವರ ಜೊತೆ ಇಲ್ಲೇ ಇರೋಣ ಅಂತಿದ್ದೇನೆ.
– ಓದುಗಳು, ಉಡುಪಿ

ಉತ್ತರ: ಹಾಗೆ ಇರಲು ಬರುವುದಿಲ್ಲ. ಕೆನಡಾದ ಪ್ರಜೆಯಾಗಿದ್ದರೆ, ಮುಂದೆ ವಾಪಸ್ ಹೋಗಿ ನೆಲೆಸುತ್ತೇವೆ ಅಂತ ತೋರಿಸಿ ಹೊರಗಿದ್ದುಕೊಂಡೇ ಸ್ಪಾನ್ಸರ್ ಮಾಡಬಹುದಿತ್ತು. ಪಿಆರ್ ಆದವರು ಕೆನಡಾದಲ್ಲೇ ವಾಸವಿರಬೇಕು. ನಡುವೆ ಬಂದು ಪತಿಯನ್ನು ನೋಡಿಕೊಂಡು ಹೋಗಬಹುದು, ಇಲ್ಲೇ ಬಿಡಾರ ಹೂಡುವಂತಿಲ್ಲ. ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು ಅನ್ನುವ ಲೆಕ್ಕವೂ ನಿಮ್ಮ ಮೇಲಿದೆ. ಪತಿ ಕೆನಡಾ ಪ್ರಜೆಯಾಗಿದ್ದರೆ ಅವರ ಜೊತೆ ಹೊರಗಿದ್ದ ದಿನಗಳು ಅದಕ್ಕೆ ಸೇರುತ್ತಿದ್ದವು, ನಿಮ್ಮ ಪತಿ ಭಾರತೀಯರು, ಹಾಗಾಗಿ ಸೇರುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ ಗಂಡ ಹೆಂಡತಿಯ ಸ್ಪಾನ್ಸರ್‌ಗೆ ಅಮೆರಿಕದ ಹಾಗೆ ಇಷ್ಟೇ ಆದಾಯ ಬೇಕು ಅನ್ನುವ ಗೆರೆ ಸಾಮಾನ್ಯವಾಗಿ ಅಲ್ಲಿಲ್ಲ. ಮೂರು ವರ್ಷದ ಹೊಣೆ ಹೊರುವ ಕರಾರಿಗೆ ಸಹಿ ಹಾಕಬೇಕು. ಕ್ವಿಬೆಕ್‌ನಲ್ಲಿ ನೆಲೆಸುವವರಿಗೆ ಆ ಪ್ರಾಂತ್ಯದ ನಿಯಮ ಬೇರೆ, ನಿಮ್ಮ ಮನೆ ಟೊರಾಂಟೊದಲ್ಲಿರುವುದರಿಂದ ಆ ತಲೆನೋವು ನಿಮಗಿಲ್ಲ.