ದುಂಡು ಕಂಬಕ್ಕೆ ಸಂದಿಲ್ಲದ ಹಲಗೆ

ಮರಗೆಲಸದ ಪ್ರಶ್ನೆಗಳಿಗೆ ನಿವೃತ್ತ ಐಟಿಐ ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಮ್ಮ ಹಳೇ ಮನೆಯ ಜಗಲಿಯಲ್ಲಿ ಎರಡು ದುಂಡು ಕಂಬಗಳ ನಡುವೆ ಕೂರಲು ಹಲಸಿನ ಹಲಗೆ ಹಾಕಬೇಕೆಂದಿದ್ದೇನೆ. ಕಂಬದ ಅಡ್ಡಳತೆ 6 ಇಂಚು. ಹಲಗೆಯ ತುದಿ 2 ಇಂಚು ಆಳಕ್ಕೆ ಕಂಬವನ್ನು ತಬ್ಬಿ ಕೂರಬೇಕು. ಬೇಡದ ತುಂಡೊಂದನ್ನು ಕಂಬಕ್ಕೆ ತಾಗಿಸಿ, ಕೈವಾರದ ಮೊನೆಯನ್ನು ಕಂಬದ ಸುತ್ತ ಸರಿಸುತ್ತಾ ಅದರ ಪೆನ್ಸಿಲ್ಲಿನಿಂದ ತುಂಡಿನ ಮೇಲೆ ಗೆರೆ ಎಳೆದು ಕೊಯ್ದು ನೋಡಿದೆ. ನಡುವೆ ಕಂಬಕ್ಕೆ ತಾಗುತ್ತದೆ, ಎರಡೂ ಬದಿಯಲ್ಲಿ ಹೆಬ್ಬೆರಳು ತೂರುವಷ್ಟು ಸಂದು! ಎಲ್ಲಿ ತಪ್ಪುತ್ತಿದೆ?
– ಓದುಗರು, ಸಾಗರ

ಉತ್ತರ: ಕೊಯ್ದದ್ದು ಸರಿಯಾಗಿಯೇ ಇದೆ, ಗೆರೆ ತಪ್ಪು. ಕಂಬದ ಸುತ್ತ ಹೋಗುವಾಗ ಕೈವಾರವನ್ನೂ ಕಂಬದ ಜೊತೆ ತಿರುಗಿಸಿದ್ದೀರಿ. ಕೈ ತಾನಾಗಿಯೇ ಹಾಗೆ ತಿರುಗುತ್ತದೆ, ಕ್ಲಾಸಿನಲ್ಲಿ ಹುಡುಗರೆಲ್ಲ ಮೊದಲು ಮಾಡುತ್ತಿದ್ದದ್ದೂ ಅದನ್ನೇ. ಕಂಬದ ತ್ರಿಜ್ಯ 3 ಇಂಚು, ಕೈವಾರ ತೆರೆದದ್ದು 2 ಇಂಚು. ತಿರುಗಿಸುತ್ತಾ ಎಳೆದರೆ ಎರಡೂ ಕೂಡಿ 5 ಇಂಚು ತ್ರಿಜ್ಯದ ಕಮಾನು ಬೀಳುತ್ತದೆ. ಅದರೊಳಗೆ 3 ಇಂಚು ತ್ರಿಜ್ಯದ ಕಂಬ ನಡುವೆ ಮಾತ್ರ ತಾಗುತ್ತದೆ, ಬದಿಗಳಲ್ಲಿ ತಾಗುವುದೇ ಇಲ್ಲ.

ಕೈವಾರದ ಎರಡು ಕಾಲೂ ಮೊದಲಿನಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ಇರಬೇಕು, ಹಲಗೆ ಯಾವ ಕಡೆಗೆ ಸರಿಯಬೇಕೋ ಆ ದಿಕ್ಕಿಗೆ. ಕಣ್ಣಂದಾಜು ನಂಬಬೇಡಿ. ಗಟ್ಟಿ ರಟ್ಟಿನ ಮೇಲೆ ಹಲಗೆಯ ಉದ್ದದ ದಿಕ್ಕಿಗೆ ಅರ್ಧ ಇಂಚಿಗೊಂದರಂತೆ ಗೆರೆ ಎಳೆದುಕೊಳ್ಳಿ. ರಟ್ಟನ್ನು ಕಂಬಕ್ಕೆ ತಾಗಿಸಿ ಅಲುಗಾಡದಂತೆ ಇಡಿ. ಕೈವಾರದ ಮೊನೆ ಕಂಬ ಮುಟ್ಟಿದಾಗ ಪೆನ್ಸಿಲ್ಲು ಅದೇ ಗೆರೆಯ ನೇರದಲ್ಲಿ ಬೀಳಬೇಕು. ಗೆರೆಗೊಂದು ಚುಕ್ಕಿ ಹಾಕುತ್ತಾ ಹೋಗಿ, ಆಮೇಲೆ ಚುಕ್ಕಿಗಳನ್ನು ಕೂಡಿಸಿ, ಆ ಕಮಾನಿಗೆ ರಟ್ಟು ಕತ್ತರಿಸಿ.

ಕಂಬ 6 ಇಂಚು ಎಂದು ಬರೆದಿದ್ದೀರಿ, ಎಲ್ಲಿ ಅಳೆದಿರಿ? ಹಳೇ ಕಂಬಗಳು ಬಹುಪಾಲು ಬುಡದಲ್ಲಿ ದಪ್ಪ, ಮೇಲೆ ಸಪೂರ. ಪೂರ್ತಿ ದುಂಡಗೂ ಇರುವುದಿಲ್ಲ. ಹಲಗೆ ಕೂರುವ ಎತ್ತರಕ್ಕೇ ರಟ್ಟು ಹಿಡಿಯಿರಿ. ಎರಡು ಕಂಬಕ್ಕೂ ಬೇರೆ ಬೇರೆ ರಟ್ಟು ಮಾಡಿ. ಎರಡೂ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂತ ಮೇಲೆ ಮೇಲೊಂದು ನೇರ ರೀಪು ಇಟ್ಟು ಅಂಟಿಸಿಬಿಡಿ. ಉದ್ದ, ಓರೆ, ಕಮಾನು ಮೂರೂ ಒಟ್ಟಿಗೆ ಸಿಕ್ಕಿತು; ಟೇಪು ಹಿಡಿದು ಅಳೆಯುವ ಗೋಜೇ ಇಲ್ಲ. ಇದನ್ನೇ ಹಲಗೆಯ ಮೇಲಿಟ್ಟು ಗೆರೆ ಎಳೆದುಕೊಳ್ಳಿ.

ಕೊಯ್ಯುವಾಗ ಗರಗಸ ಸ್ವಲ್ಪ ಓರೆಯಾಗಿರಲಿ, ಹಲಗೆಯ ಮೇಲಂಚಿಗಿಂತ ಕೆಳಗಿನಂಚು ತುಸು ಒಳಗೆ ಹೋಗುವಂತೆ. ಜಿಗ್‌ಸಾ ಎಂಬ ಕರೆಂಟು ಗರಗಸ ಇದ್ದರೆ ಅದರ ತಳ 3–4 ಡಿಗ್ರಿ ವಾಲಿಸಿದರೆ ಸಾಕು. ಕಣ್ಣಿಗೆ ಕಾಣುವ ಮೇಲಂಚು ಮಾತ್ರ ಕಂಬಕ್ಕೆ ತಾಗುತ್ತದೆ, ಉಜ್ಜುವ ಕೆಲಸ ಅರ್ಧಕ್ಕರ್ಧ ಕಡಿಮೆ. ಇನ್ನೊಂದು ಲಾಭವಿದೆ. ನಿಮ್ಮ ಹಲಗೆ ಕಂಬಗಳ ನಡುವಿನ ಅಂತರಕ್ಕಿಂತ 4 ಇಂಚು ಉದ್ದ. ಒಂದು ತುದಿ ಮೊದಲು ಕೂರಿಸಿ, ಎತ್ತಿದ ಇನ್ನೊಂದು ತುದಿಯನ್ನು ಮೇಲಿನಿಂದ ಇಳಿಸಬೇಕು. ತುದಿ ನೆಟ್ಟಗೆ ಕೊಯ್ದಿದ್ದರೆ ಕೆಳಗಿನಂಚು ಕಂಬಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಗೆರೆಯ ಮೇಲೆ ಕೊಯ್ಯದೆ ಗೆರೆ ಉಳಿಸಿಕೊಂಡು ಕೊಯ್ಯಿರಿ. ಉಳಿದದ್ದನ್ನು ಅರ್ಧಗೋಲು ಅರದಿಂದ ತೆಗೆಯಿರಿ. ಎಲ್ಲಿ ಒತ್ತುತ್ತಿದೆ ಎಂದು ತಿಳಿಯಲು ಕಂಬಕ್ಕೆ ಕಾರ್ಬನ್ ಕಾಗದ ಸುತ್ತಿ, ಮಸಿಯ ಮಗ್ಗುಲು ಹಲಗೆಯ ಕಡೆಗಿರಲಿ. ಹಲಗೆ ಕೂರಿಸಿ ತೆಗೆದರೆ ಮಸಿ ಹತ್ತಿದ ಕಡೆ ಮಾತ್ರ ಅರ ಆಡಿಸಿದರಾಯಿತು. ಸೀಮೆಸುಣ್ಣದಿಂದಲೂ ಆಗುತ್ತದೆ, ಆದರೆ ಹಳೇ ಪಾಲಿಶ್ ಕಂಬದ ಮೇಲೆ ಅದನ್ನು ಒರೆಸುವುದು ರಗಳೆ.

ಈಗ ಮಳೆಗಾಲದ ಮಾತು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿಯೇ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಹಿಗ್ಗಿದ ಹಲಗೆಯನ್ನು ಬಿಗಿಯಾಗಿ ಕೂರಿಸಿದರೆ ಬೇಸಿಗೆಯಲ್ಲಿ ಅದು ಕುಗ್ಗಿ, ಕಮಾನಿನ ಬಾಯಿ ಕಿರಿದಾಗುತ್ತದೆ. ಕಂಬವೋ ಎಂದೋ ಒಣಗಿದ್ದು, ನಿಮ್ಮ ಹಲಗೆಯಷ್ಟು ಕುಗ್ಗುವುದಿಲ್ಲ. ಆಗ ಕಂಬವೇ ಬೆಣೆಯಾಗಿ ಹಲಗೆಯನ್ನು ಎಳೆಯುದ್ದಕ್ಕೆ ಸೀಳುತ್ತದೆ. ಆದ್ದರಿಂದ ಕಮಾನಿನ ನಡುವೆ ಬಿಗಿಯಿರಲಿ, ಎರಡು ಬದಿಗೆ ಮಾತ್ರ ಒಂದು ಪೋಸ್ಟ್‌ಕಾರ್ಡು ತೂರುವಷ್ಟು ಜಾಗ ಬಿಡಿ. ಹೊಸದಾಗಿ ಕೊಯ್ಸಿದ ಹಸಿ ಹಲಸಾದರೆ ಈ ವರ್ಷ ಕೆಲಸವೇ ಬೇಡ, ಅಟ್ಟದಲ್ಲಿ ಒಣಗಲಿ.

ಪ್ರಶ್ನೆ: ಅಡುಗೆಮನೆಯ ಗೋಡೆ ಅಲ್ಲಲ್ಲಿ ಉಬ್ಬಿದೆ, ಮರದ ಶೆಲ್ಫು ಗೋಡೆಗೆ ಅಂಟುತ್ತಿಲ್ಲ. ಕಾಂಟೂರ್ ಗೇಜ್ ಕೊಳ್ಳಲೇ?
– ಓದುಗರು, ಹಾಸನ

ಉತ್ತರ: ಬೇಡ. ಒತ್ತಿದರೆ ಉಬ್ಬುತಗ್ಗಿನ ಆಕಾರ ಹಿಡಿಯುವ ಆ ಪ್ಲಾಸ್ಟಿಕ್ ಹಲ್ಲುಗಳ ಗೇಜು ಇರುವುದೇ ಗೇಣುದ್ದ. ಕಡೆದ ಕಂಬದ ಬಳೆ, ಬಾಗಿಲ ಚೌಕಟ್ಟಿನ ಅಂಚಿನಂಥವಕ್ಕೆ ಸರಿ. ನಿಮಗೆ ಒಂದು ಅಗಲ ವಾಷರ್ ಸಾಕು. ಶೆಲ್ಫನ್ನು ರಸಮಟ್ಟ ನೋಡಿ ಗೋಡೆಗೆ ಒತ್ತಿ ಹಿಡಿಯಿರಿ, ವಾಷರಿನ ತೂತಿಗೆ ಪೆನ್ಸಿಲ್ ಸಿಕ್ಕಿಸಿ, ವಾಷರನ್ನು ಗೋಡೆಗೆ ತಾಗಿಸಿಕೊಂಡೇ ಉದ್ದಕ್ಕೂ ಎಳೆಯಿರಿ. ತೂತಿನಿಂದ ವಾಷರಿನ ಅಂಚಿಗಿರುವ ಅಗಲ, ನಿಮ್ಮ ಅತಿ ದೊಡ್ಡ ಸಂದಿಗಿಂತ ಹೆಚ್ಚಿರಬೇಕು. ಉಬ್ಬು ನಿಧಾನವಾಗಿ ಏರಿಳಿಯುವುದರಿಂದ ಸಾಗರದವರಿಗೆ ಬಂದ ತೊಂದರೆ ಇಲ್ಲಿ ಬಾರದು. ಸಂದು 2 ಮಿಲಿಮೀಟರ್ ದಾಟದಿದ್ದರೆ ಇದೂ ಬೇಡ, ಒಂದು ಬೀಡಿಂಗ್ ಪಟ್ಟಿ ಹೊಡೆದುಬಿಡಿ.